ಕೆಲಸ ಕೊಟ್ಟವರು ಯಾರು, ಕಿತ್ತವರು ಯಾರು?

ಹೂವಿನಹಡಗಲಿ ತಾಲ್ಲೂಕಿನ ರೈತ ಸಂಪರ್ಕ ಕೇಂದ್ರವೊಂದರಲ್ಲಿ ಮಹಿಳೆಯೊಬ್ಬರು 2014ರಿಂದ ಲೆಕ್ಕಿಗರಾಗಿದ್ದರು. ಬಿತ್ತನೆ ಬೀಜ, ಔಷಧಿ, ಸಬ್ಸಿಡಿ ಎಂದು ಮುಂಗಾರಿನ ಹೊತ್ತಿಗೆ ರೈತರು ಸಾಲುಗಟ್ಟುವ ಕಚೇರಿ ಅದು. ಒಂಬತ್ತು ವರ್ಷ ಅಲ್ಲಿ ಲೆಕ್ಕ ಬರೆದ ಆಕೆ 2023ರ ಮೇ ತಿಂಗಳಲ್ಲಿ ಹೆರಿಗೆ ರಜೆಗೆ ಅರ್ಜಿ ಕೊಟ್ಟರು. ರಜೆ ಮುಗಿಸಿ ಬಂದಾಗ ಅವರ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಪ್ರಕರಣ ಹೈಕೋರ್ಟಿಗೆ ಹೋಯಿತು. ಸರ್ಕಾರದ ಕಡೆಯ ವಾದ ಸರಳವಾಗಿತ್ತು: ಆಕೆ ನಮ್ಮ ನೌಕರರೇ ಅಲ್ಲ, ಏಜೆನ್ಸಿ ಮೂಲಕ ಬಂದ ಹೊರಗುತ್ತಿಗೆಯವರು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2025ರಲ್ಲಿ ಈ ವಾದವನ್ನು ತಳ್ಳಿಹಾಕಿ, ಆಕೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಂತೆ ಆದೇಶಿಸಿದರು.

ತೀರ್ಪು ಬಂದಾಗ ಪತ್ರಿಕೆಗಳಲ್ಲಿ ಅದು ತಾಯ್ತನದ ಗೌರವದ ಸುದ್ದಿಯಾಗಿ ಓಡಿತು. ತಪ್ಪೇನಿಲ್ಲ. ಆದರೆ ಆ ಪ್ರಕರಣದಲ್ಲಿ ನಿಜವಾಗಿ ಗಮನಿಸಬೇಕಾದದ್ದು ಸರ್ಕಾರದ ವಾದ. ‘ನಮ್ಮವರಲ್ಲ’ ಎಂಬ ಆ ಐದಕ್ಷರದ ಉತ್ತರವನ್ನು ರಾಜ್ಯದ ಆಸ್ಪತ್ರೆ, ಹಾಸ್ಟೆಲ್, ಕಾರ್ಖಾನೆ, ಐಟಿ ಕಂಪನಿಗಳಲ್ಲಿ ಏಜೆನ್ಸಿ ಮೂಲಕ ದುಡಿಯುವ ಹೆಂಗಸರು ಬಸುರಿಯಾದ ದಿನದಿಂದ ಕೇಳುತ್ತಲೇ ಇರುತ್ತಾರೆ. ಹೈಕೋರ್ಟಿನವರೆಗೆ ಹೋಗುವವರು ಬೆರಳೆಣಿಕೆಯಷ್ಟು.

ಹೊರಗುತ್ತಿಗೆ ನಡೆಯುವ ಬಗೆಯನ್ನು ಒಂದಿಷ್ಟು ಬಿಡಿಸಿ ನೋಡಬೇಕು. ಒಂದು ಇಲಾಖೆಗೆ ಹತ್ತು ಜನ ಡೇಟಾ ಎಂಟ್ರಿ ಆಪರೇಟರ್‌ಗಳು ಬೇಕು ಎಂದಿಟ್ಟುಕೊಳ್ಳಿ. ಇಲಾಖೆ ನೇರವಾಗಿ ನೇಮಿಸುವುದಿಲ್ಲ, ಟೆಂಡರ್ ಕರೆಯುತ್ತದೆ. ಕಡಿಮೆ ಸೇವಾ ಶುಲ್ಕ ಕೇಳಿದ ಏಜೆನ್ಸಿಗೆ ಕೆಲಸ. ಏಜೆನ್ಸಿ ಜನರನ್ನು ಕಳಿಸುತ್ತದೆ. ತಿಂಗಳ ಕೊನೆಗೆ ಕಚೇರಿಯ ಅಧಿಕಾರಿ ಹಾಜರಾತಿಗೆ ಸಹಿ ಹಾಕುತ್ತಾರೆ, ಆ ಹಾಜರಾತಿ ಪ್ರಕಾರ ಏಜೆನ್ಸಿ ಬಿಲ್ ಮಾಡುತ್ತದೆ, ಬಿಲ್ ಪಾಸಾದ ಮೇಲೆ ಸಂಬಳ. ದಿನವಿಡೀ ಕೆಲಸ ಹೇಳುವವರು ಒಬ್ಬರು, ಸಂಬಳ ಹಾಕುವವರು ಇನ್ನೊಬ್ಬರು. ಅವಧಿ ಮುಗಿದು ಟೆಂಡರ್ ಬದಲಾದರೆ ಅದೇ ಕುರ್ಚಿ, ಅದೇ ಕಂಪ್ಯೂಟರ್, ಅದೇ ಕೆಲಸ. ಗುರುತಿನ ಚೀಟಿಯ ಮೇಲಿನ ಏಜೆನ್ಸಿ ಹೆಸರು ಮಾತ್ರ ಬೇರೆ.

ಈ ಏರ್ಪಾಡಿನಲ್ಲಿ ಒಬ್ಬಾಕೆ ಬಸುರಿಯಾದರೆ ಏನಾಗುತ್ತದೆ? ಆರು ತಿಂಗಳು ಹಾಜರಾತಿಯಲ್ಲಿ ಆಕೆಯ ಹೆಸರಿನ ಮುಂದೆ ಗುರುತು ಬೀಳುವುದಿಲ್ಲ. ಆ ಆರು ತಿಂಗಳಿಗೆ ಏಜೆನ್ಸಿಯ ಬಿಲ್ಲಿಲ್ಲ. ಕಚೇರಿಗೆ ಕೆಲಸ ನಿಲ್ಲುವಂತಿಲ್ಲ, ಹಾಗಾಗಿ ಬದಲಿ ವ್ಯಕ್ತಿ ಬರುತ್ತಾರೆ. ಬದಲಿಗೆ ಬಂದವರು ಒಂದೆರಡು ತಿಂಗಳಲ್ಲಿ ಕೆಲಸ ಕಲಿತುಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಯಾರೂ ಯಾರನ್ನೂ ವಜಾ ಮಾಡುವುದಿಲ್ಲ. ಆದೇಶ ಪತ್ರವಿಲ್ಲ, ನೋಟಿಸ್ ಇಲ್ಲ. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಫೋನ್ ಮಾಡಿದರೆ ಏಜೆನ್ಸಿಯ ಸೂಪರ್‌ವೈಸರ್ ಹೇಳುವುದು ಇಷ್ಟೇ: ‘ಆಫೀಸಿನವರು ಬೇರೆಯವರನ್ನ ಹಾಕ್ಕೊಂಡಿದ್ದಾರೆ ಮೇಡಂ, ನಾವೇನು ಮಾಡೋಕಾಗುತ್ತೆ?’ ಆಫೀಸಿಗೆ ಹೋಗಿ ಕೇಳಿದರೆ: ‘ಅದು ಏಜೆನ್ಸಿಗೆ ಬಿಟ್ಟಿದ್ದಮ್ಮ, ಅವರನ್ನೇ ಕೇಳು.’

ದೂರು ಕೊಡಲು ಹೊರಟವರ ಮೊದಲ ತೊಡಕೇ ಇದು. ದೂರಿಗೆ ಎದುರುದಾರ ಬೇಕು, ದಿನಾಂಕ ಬೇಕು, ಕಾಗದ ಬೇಕು. ಇಲ್ಲಿ ಮೂರೂ ಮಸುಕು.

ಕಾನೂನು ಮಾತ್ರ ಈ ವಿಷಯದಲ್ಲಿ ಅಷ್ಟು ಮಸುಕಾಗಿರಲಿಲ್ಲ ಎಂಬುದು ಹಲವರಿಗೆ ಅಚ್ಚರಿ ತರಬಹುದು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಮೂರನೇ ಸೆಕ್ಷನ್ನಿನಲ್ಲಿ, ಈ ಕಾಯ್ದೆ ಯಾರಿಗೆ ಅನ್ವಯ ಎಂದು ವಿವರಿಸುವಾಗ, ನೇರವಾಗಿಯಾಗಲಿ ಯಾವುದೇ ಏಜೆನ್ಸಿಯ ಮೂಲಕವಾಗಲಿ ಕೂಲಿಗೆ ನೇಮಕಗೊಂಡ ಮಹಿಳೆ ಎಂದೇ ಬರೆದಿತ್ತು. ಮ್ಯಾನ್‌ಪವರ್ ಕಂಪನಿಗಳು ಹುಟ್ಟುವುದಕ್ಕೆ ದಶಕಗಳ ಮುಂಚೆ, ಬಹುಶಃ ತೋಟ ಮತ್ತು ಗಣಿಗಳ ಮೇಸ್ತ್ರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಾಲು. ಅದೇ ಕಾಯ್ದೆಯ 12ನೇ ಸೆಕ್ಷನ್, ಹೆರಿಗೆಗಾಗಿ ಗೈರುಹಾಜರಾದಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ ಎಂದಿತು. ಬಸುರಿಯಾಗಿದ್ದಾಗ ತೆಗೆದರೂ ಸೌಲಭ್ಯ ತಪ್ಪಿಸುವಂತಿಲ್ಲ ಎಂದಿತು. ಕರಾರು ಪತ್ರದಲ್ಲಿ ಏನೇ ಬರೆಸಿಕೊಂಡಿದ್ದರೂ ಕಾಯ್ದೆಯದೇ ಮೇಲುಗೈ ಎಂದು 27ನೇ ಸೆಕ್ಷನ್ ಸೇರಿಸಿತು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಸೌಲಭ್ಯಕ್ಕೆ ಅರ್ಹತೆ. 2017ರ ತಿದ್ದುಪಡಿ 12 ವಾರಗಳಿದ್ದ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿಸಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಹಳೆಯ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯವಾಗಿ ಸೇರಿಹೋಗಿದೆ. ತಿರುಳು ಬದಲಾಗಿಲ್ಲ: 80 ದಿನ, 26 ವಾರ, ವಜಾ ನಿಷೇಧ ಎಲ್ಲವೂ ಉಳಿದಿವೆ, ಗುತ್ತಿಗೆದಾರನ ಮೂಲಕ ಕೆಲಸ ಮಾಡುವವರನ್ನೂ ಉದ್ಯೋಗಿ ಎಂದೇ ಅದು ಎಣಿಸುತ್ತದೆ.

ಹಾಗಿದ್ದರೂ ‘ನಮ್ಮವರಲ್ಲ’ ಎಂಬ ವಾದ ಅರವತ್ತು ವರ್ಷ ಬದುಕಿಕೊಂಡು ಬಂದದ್ದು ಹೇಗೆ? ದೆಹಲಿಯ ಒಂದು ಹಳೆಯ ಮೊಕದ್ದಮೆ ಇದಕ್ಕೆ ಒಳ್ಳೆಯ ಪಾಠ. ಅಲ್ಲಿನ ಮಹಾನಗರ ಪಾಲಿಕೆಯಲ್ಲಿ ರಸ್ತೆ ಅಗೆಯುವ, ಮಣ್ಣು ಹೊರುವ ದಿನಗೂಲಿ ಹೆಂಗಸರು ಹೆರಿಗೆ ರಜೆ ಕೇಳಿದರು. ಮಸ್ಟರ್ ರೋಲ್‌ನಲ್ಲಿ ವರ್ಷಗಟ್ಟಲೆ ಹೆಸರಿದ್ದರೂ ಇವರು ಕಾಯಂ ಅಲ್ಲ, ಆದ್ದರಿಂದ ಕಾಯ್ದೆ ಅನ್ವಯಿಸದು ಎಂದಿತು ಪಾಲಿಕೆ. ಕಾರ್ಮಿಕರ ಸಂಘ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. 1996ರಲ್ಲಿ ಅಲ್ಲಿ ಗೆದ್ದಿತು. ಪಾಲಿಕೆ ಹೈಕೋರ್ಟಿಗೆ ಹೋಯಿತು, ಸೋತಿತು, ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಮಾರ್ಚ್ 8ರಂದು, ಕಾಕತಾಳೀಯವೋ ಏನೋ ಮಹಿಳಾ ದಿನದಂದೇ, ನ್ಯಾಯಮೂರ್ತಿಗಳಾದ ಎಸ್. ಸಗೀರ್ ಅಹ್ಮದ್ ಮತ್ತು ಡಿ.ಪಿ. ವಾಧ್ವಾ ಅವರು ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಎಂದು ತೀರ್ಪಿತ್ತರು. ಮೊಕದ್ದಮೆ ಶುರುವಾದಾಗ ಹೊಟ್ಟೆಯಲ್ಲಿದ್ದ ಮಕ್ಕಳು ಅಷ್ಟರಲ್ಲಿ ಶಾಲೆಗೆ ಹೋಗುತ್ತಿದ್ದಿರಬೇಕು.

ಇನ್ನೊಂದು ತೀರ್ಪು ತೀರಾ ಈಚಿನದು. ದೆಹಲಿಯ ಜನಕಪುರಿಯ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು 2014ರ ಜೂನ್‌ನಿಂದ ಗುತ್ತಿಗೆ ಮೇಲಿದ್ದರು. ಗುತ್ತಿಗೆ ಹೆಚ್ಚೆಂದರೆ ಮೂರು ವರ್ಷ, ಅದು 2017ರ ಜೂನ್ 11ಕ್ಕೆ ಮುಗಿಯುತ್ತಿತ್ತು. ಅವರು ಜೂನ್ 1ರಿಂದ ಹೆರಿಗೆ ರಜೆ ಕೇಳಿದರು. ಆಸ್ಪತ್ರೆ ಲೆಕ್ಕ ಹಾಕಿ 11 ದಿನದ ರಜೆ ಕೊಡಬಹುದು ಎಂದಿತು. ಗುತ್ತಿಗೆಯೇ ಮುಗಿದ ಮೇಲೆ ರಜೆ ಎಲ್ಲಿಂದ ಬರಬೇಕು ಎಂಬುದು ಅದರ ತರ್ಕ. ಕೇಳಲು ಸರಿಯೆನಿಸುವ ತರ್ಕವೇ, ಕೆಳಗಿನ ಹಂತದಲ್ಲೆಲ್ಲ ಅದು ನಡೆಯಿತು ಕೂಡ. 2023ರ ಆಗಸ್ಟ್ 17ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಲಿಲ್ಲ. ಸೌಲಭ್ಯದ ಹಕ್ಕು ಒಮ್ಮೆ ಹುಟ್ಟಿದರೆ ಗುತ್ತಿಗೆಯ ಕೊನೆಯ ದಿನಾಂಕದ ಆಚೆಗೂ ಅದು ಸಾಗುತ್ತದೆ, ಪೂರ್ತಿ 26 ವಾರದ ಸಂಬಳ ಕೊಡಿ ಎಂದಿತು. ಏಜೆನ್ಸಿ ಕೆಲಸದವರಿಗೆ ಇದಕ್ಕಿಂತ ಉಪಯುಕ್ತ ತೀರ್ಪು ಸಿಗುವುದು ಕಷ್ಟ. ಅವರ ಕರಾರುಗಳು ಹನ್ನೊಂದು ತಿಂಗಳಿಗೋ ಮೂರು ತಿಂಗಳಿಗೋ ಮುಗಿಯುತ್ತಲೇ ಇರುತ್ತವೆ.

ಆದರೆ ಒಂದು ವಿಷಯ ಗಮನಿಸಿ. ಆಕೆ ವೈದ್ಯೆ, ಆಸ್ಪತ್ರೆಯೇ ಆಕೆಯನ್ನು ನೇರವಾಗಿ ಗುತ್ತಿಗೆಗೆ ತೆಗೆದುಕೊಂಡಿತ್ತು. ನಡುವೆ ಏಜೆನ್ಸಿ ಇದ್ದಾಗ 80 ದಿನದ ಲೆಕ್ಕವೇ ಜಾರತೊಡಗುತ್ತದೆ. ಒಂದೇ ಕಚೇರಿಯಲ್ಲಿ ಐದು ವರ್ಷ ದುಡಿದ ಒಬ್ಬಾಕೆ ಇದ್ದಾಳೆ ಎಂದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಟೆಂಡರ್ ಬದಲಾಗಿದೆ, ಮೇ ತಿಂಗಳಲ್ಲಿ ಹೆರಿಗೆ. ಹೊಸ ಏಜೆನ್ಸಿ ‘ನಮ್ಮಲ್ಲಿ ನೀವು ಮಾಡಿದ್ದು ಇಪ್ಪತ್ತೇ ದಿನ’ ಎನ್ನುತ್ತದೆ. ಹಳೆಯದು ಫೋನ್ ಎತ್ತುವುದಿಲ್ಲ. ಕಚೇರಿಯನ್ನೇ ಮಾಲೀಕನೆಂದು ಹಿಡಿದರೆ ಆಕೆಯದು ಐದು ವರ್ಷದ ಸೇವೆ, ಏಜೆನ್ಸಿಯನ್ನು ಹಿಡಿದರೆ ಇಪ್ಪತ್ತು ದಿನ. ಹೀಗಾಗಿ ಯಾರು ನಿಜವಾದ ಉದ್ಯೋಗದಾತ ಎಂಬುದು ಬರೀ ವಕೀಲರ ಚರ್ಚೆಯಲ್ಲ, ಆರು ತಿಂಗಳ ಸಂಬಳ ಅದರ ಮೇಲೆ ನಿಂತಿದೆ.

ದುಡ್ಡಿನ ಪ್ರಶ್ನೆಗೆ ಬರೋಣ. 26 ವಾರದ ಸಂಬಳ ಭಾರ, ಸಣ್ಣ ಏಜೆನ್ಸಿಗಳು ಹೊರಲಾರವು ಎಂಬುದು ಮಾಲೀಕರ ಕಡೆಯ ಹಳೆಯ ಅಳಲು. ಪೂರಾ ಸುಳ್ಳಲ್ಲ. 2018ರಲ್ಲಿ ಟೀಮ್‌ಲೀಸ್ ಕಂಪನಿ ನಡೆಸಿದ ಸಮೀಕ್ಷೆ, 26 ವಾರದ ರಜೆಯ ಕಾರಣದಿಂದ ಹತ್ತು ವಲಯಗಳಲ್ಲಿ ಒಂದೇ ವರ್ಷಕ್ಕೆ 11ರಿಂದ 18 ಲಕ್ಷ ಮಹಿಳೆಯರು ಕೆಲಸ ಕಳೆದುಕೊಳ್ಳಬಹುದು ಎಂದು ಅಂದಾಜಿಸಿತ್ತು. ಬೆಂಗಳೂರು ಮೂಲದ ಆ ಕಂಪನಿಯ ಮುಖ್ಯ ವ್ಯವಹಾರವೇ ತಾತ್ಕಾಲಿಕ ನೌಕರರನ್ನು ಒದಗಿಸುವುದು ಎಂಬುದನ್ನು ನೆನಪಿಟ್ಟುಕೊಂಡೇ ಆ ಅಂಕಿಯನ್ನು ಓದಬೇಕು. ಅದೇ ವರ್ಷ ಕೇಂದ್ರ ಕಾರ್ಮಿಕ ಸಚಿವಾಲಯ ಏಳು ವಾರದ ಸಂಬಳವನ್ನು ಮಾಲೀಕರಿಗೆ ತುಂಬಿಕೊಡುವ ಪ್ರಸ್ತಾವ ಮುಂದಿಟ್ಟಿತು. ಹೆರಿಗೆ ಸೌಲಭ್ಯದ ಖರ್ಚನ್ನು ಒಬ್ಬ ಮಾಲೀಕನ ತಲೆಗೆ ಕಟ್ಟದೆ ಸಾಮಾಜಿಕ ವಿಮೆಯಿಂದ ಭರಿಸಬೇಕು ಎನ್ನುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಡಂಬಡಿಕೆಯ ನಿಲುವು. ಭಾರತ ಅದನ್ನು ಅನುಮೋದಿಸಿಲ್ಲ.

ಆದರೆ ಏಜೆನ್ಸಿ ಕೆಲಸದಲ್ಲಿರುವ ಹೆಂಗಸರಲ್ಲಿ ದೊಡ್ಡ ಪಾಲು ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಯವರು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದರೆ ಕೂಲಿಯ ಶೇ 0.75 ಆಕೆಯಿಂದ, ಶೇ 3.25 ಮಾಲೀಕರಿಂದ ವಂತಿಗೆ ಹೋಗುತ್ತದೆ. ನಿಗದಿತ ಅವಧಿಯಲ್ಲಿ 70 ದಿನದ ವಂತಿಗೆ ಇದ್ದರೆ 26 ವಾರದ ಪೂರ್ತಿ ಕೂಲಿಯನ್ನು ಕೊಡುವುದು ಇಎಸ್‌ಐ ನಿಗಮ. ಏಜೆನ್ಸಿಯ ಜೇಬಿನಿಂದ ಒಂದು ರೂಪಾಯಿಯೂ ಹೋಗುವುದಿಲ್ಲ! ಆದರೂ ಬಸುರಿಯರ ಹೆಸರು ಪಟ್ಟಿಯಿಂದ ಕಳಚುತ್ತದೆ. ಅಂದರೆ ಸಮಸ್ಯೆ ಸಂಬಳದ ಭಾರಕ್ಕಿಂತ ಖಾಲಿ ಕುರ್ಚಿಯದು. ಇಷ್ಟು ತಲೆ ಕಳಿಸುತ್ತೇನೆ ಎಂದು ಒಪ್ಪಿಕೊಂಡವನಿಗೆ ಒಂದು ತಲೆ ಕಡಿಮೆಯಾಗುವುದು ತಲೆನೋವು, ಆರು ತಿಂಗಳ ಮೇಲೆ ಎರಡು ತಲೆ ಆಗುವುದು ಇನ್ನೂ ದೊಡ್ಡ ತಲೆನೋವು.

ಇಎಸ್‌ಐಯಲ್ಲೇ ಇನ್ನೊಂದು ಗುಂಡಿ ಇದೆ. ಪೇ ಸ್ಲಿಪ್‌ನಲ್ಲಿ ಪ್ರತಿ ತಿಂಗಳು ಕಡಿತ ಕಾಣುತ್ತದೆ, ಆಸ್ಪತ್ರೆಗೆ ಹೋದಾಗ ಕಂಪ್ಯೂಟರಿನಲ್ಲಿ ವಂತಿಗೆಯೇ ಇರುವುದಿಲ್ಲ. ಏಳನೇ ತಿಂಗಳಿನಲ್ಲಿ ಕೌಂಟರಿನ ಮುಂದೆ ನಿಂತು ಇದನ್ನು ತಿಳಿಯುವುದು ಎಂಥ ಆಘಾತ ಎಂದು ಅನುಭವಿಸಿದವರನ್ನೇ ಕೇಳಬೇಕು. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಮಾಲೀಕನೇ ಕಟ್ಟಿ ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು ಎಂದು ಇಎಸ್‌ಐ ಕಾನೂನು ಹೇಳುತ್ತದೆ. ಮೊಬೈಲಿನಲ್ಲೇ ವಂತಿಗೆ ನೋಡಿಕೊಳ್ಳುವ ಸೌಲಭ್ಯ ಇರುವುದರಿಂದ, ಗರ್ಭ ಖಚಿತವಾದ ವಾರವೇ ಇದನ್ನು ನೋಡಿಬಿಡುವುದು ಜಾಣತನ.

ಇಷ್ಟೆಲ್ಲ ಕೆಲಸದ ಒಳಗೆ ಬಂದವರ ಮಾತಾಯಿತು. ಬಾಗಿಲಲ್ಲೇ ತಡೆಯುವ ಕೆಲಸವನ್ನೂ ಏಜೆನ್ಸಿಗಳು ಮಾಡುತ್ತವೆ. 2024ರ ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಚೆನ್ನೈ ಬಳಿಯ ಶ್ರೀಪೆರಂಬದೂರಿನ ಫಾಕ್ಸ್‌ಕಾನ್ ಐಫೋನ್ ಕಾರ್ಖಾನೆಯ ಬಗ್ಗೆ ಒಂದು ತನಿಖಾ ವರದಿ ಪ್ರಕಟಿಸಿತು. ಮದುವೆಯಾದ ಹೆಂಗಸರನ್ನು ಅಸೆಂಬ್ಲಿ ಕೆಲಸಕ್ಕೆ ತೆಗೆದುಕೊಳ್ಳದಂತೆ ನೋಡಿಕೊಳ್ಳಲಾಗುತ್ತಿತ್ತು, ಬಸಿರು ಮತ್ತು ಮನೆಯ ಹೊಣೆ ಇದಕ್ಕೆ ಕೊಡುತ್ತಿದ್ದ ಕಾರಣಗಳಲ್ಲಿ ಸೇರಿದ್ದವು, ಆಯ್ಕೆಯ ಮೊದಲ ಸುತ್ತು ನಡೆಯುತ್ತಿದ್ದದ್ದು ಹೊರಗಿನ ನೇಮಕಾತಿ ಏಜೆಂಟರ ಕೈಯಲ್ಲಿ ಎಂದಿತು ಆ ವರದಿ. ಕಂಪನಿ ತಾರತಮ್ಯದ ಆರೋಪವನ್ನು ನಿರಾಕರಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೋಟಿಸ್ ಕೊಟ್ಟಿತು, ಕೇಂದ್ರ ಸರ್ಕಾರ ತಮಿಳುನಾಡಿನಿಂದ ವರದಿ ಕೇಳಿತು. ಅದೇ ಕಂಪನಿಯ ದೊಡ್ಡ ಘಟಕ ಈಗ ದೇವನಹಳ್ಳಿಯಲ್ಲೂ ಎದ್ದಿದೆ ಎಂಬ ಕಾರಣಕ್ಕಾದರೂ ಕನ್ನಡಿಗರು ಈ ಪ್ರಸಂಗವನ್ನು ಮರೆಯುವಂತಿಲ್ಲ. ಬಾಗಿಲಲ್ಲೇ ನಿಂತುಹೋದವರು ದೂರು ಕೊಡುವುದು ಇನ್ನೂ ಕಷ್ಟ. ‘ಆಯ್ಕೆಯಾಗಿಲ್ಲ’ ಎನ್ನುವುದಕ್ಕೆ ಯಾರೂ ಕಾರಣ ಬರೆದುಕೊಡುವುದಿಲ್ಲ. ಬರೆದುಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸ್ಟೇಟ್ ಬ್ಯಾಂಕಿನ ಉದಾಹರಣೆ ಇದೆ. ಮೂರು ತಿಂಗಳು ಮೀರಿದ ಗರ್ಭಿಣಿಯರು ನೇಮಕಾತಿಗೆ ತಾತ್ಕಾಲಿಕವಾಗಿ ಅನರ್ಹರು ಎಂದು ಅದು ಸುತ್ತೋಲೆಯಲ್ಲಿ ಬರೆದುಬಿಟ್ಟಿತು. ಗದ್ದಲವೆದ್ದು, ದೆಹಲಿ ಮಹಿಳಾ ಆಯೋಗ ನೋಟಿಸ್ ಕೊಟ್ಟು, 2022ರ ಜನವರಿ ಕೊನೆಯಲ್ಲಿ ಸುತ್ತೋಲೆ ತಡೆಹಿಡಿಯಲ್ಪಟ್ಟಿತು.

ಇದು ನಮ್ಮ ದೇಶದ ಪಾಡಷ್ಟೇ ಅಲ್ಲ. ಜಪಾನಿನಲ್ಲಿ ಏಜೆನ್ಸಿ ಮೂಲಕ ಕೆಲಸಕ್ಕೆ ಹೋಗುವವರಿಗೆ ‘ಹಾಕೆನ್’ ಎನ್ನುತ್ತಾರೆ. ಅಲ್ಲಿನ ಸರ್ಕಾರ 2015ರಲ್ಲಿ ಕೆಲಸದ ಸ್ಥಳದಲ್ಲಿ ಬಸುರಿಯರಿಗೆ ಆಗುವ ಕಿರುಕುಳದ ಸಮೀಕ್ಷೆ ಮಾಡಿಸಿದಾಗ ಕಾಯಂ ನೌಕರಿಯವರಲ್ಲಿ ಐವರಲ್ಲಿ ಒಬ್ಬರು ಅದನ್ನು ಅನುಭವಿಸಿದ್ದಾಗಿ ಹೇಳಿದರು, ಹಾಕೆನ್ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ. ಅದಕ್ಕೆ ಒಂದು ವರ್ಷ ಮುಂಚೆ, 2014ರ ಅಕ್ಟೋಬರಿನಲ್ಲಿ, ಹಿರೋಶಿಮಾದ ಫಿಸಿಯೋಥೆರಪಿಸ್ಟ್ ಒಬ್ಬರ ಪ್ರಕರಣದಲ್ಲಿ ಬಸಿರಿನ ಕಾರಣಕ್ಕೆ ಹುದ್ದೆ ಇಳಿಸುವುದು ತತ್ತ್ವಶಃ ಕಾನೂನುಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ನಾವು ಕಲಿಯಬೇಕಾದದ್ದು ಅವರ ಕಾನೂನಿನ ಒಂದು ಸಣ್ಣ ಕೊಂಡಿಯಿಂದ: ಏಜೆನ್ಸಿಯಿಂದ ಬಂದವರ ವಿಷಯದಲ್ಲಿ, ಬಸಿರಿನ ಕಾರಣಕ್ಕೆ ಅನ್ಯಾಯ ಮಾಡಬಾರದೆಂಬ ನಿಯಮಕ್ಕೆ ಅವರನ್ನು ದುಡಿಸಿಕೊಳ್ಳುವ ಕಂಪನಿಯನ್ನೂ ಉದ್ಯೋಗದಾತ ಎಂದೇ ಭಾವಿಸಲಾಗುತ್ತದೆ. ‘ಈಕೆ ಬಸುರಿ, ಬೇರೆಯವರನ್ನು ಕಳಿಸಿ’ ಎಂದು ಏಜೆನ್ಸಿಗೆ ಹೇಳಿದರೆ ಹೇಳಿದವರೇ ಸಿಕ್ಕಿಬೀಳುತ್ತಾರೆ. ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗವೂ 1997ರಲ್ಲೇ ಇಂಥದೇ ನಿಲುವು ತಳೆದು, ಗ್ರಾಹಕ ಕಂಪನಿ ಹೇಳಿತೆಂದು ತಾರತಮ್ಯ ಮಾಡಿದ ಏಜೆನ್ಸಿಯೂ ಹೊಣೆ ಎಂದಿತು.

ಕಾನೂನು ಎಷ್ಟೇ ಬಿಗಿಯಾಗಿದ್ದರೂ ದೂರುಗಳು ಹೊರಬರುವುದಿಲ್ಲ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿನ ಸಮಾನತೆ ಆಯೋಗದ 2016ರ ಅಧ್ಯಯನದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 54,000 ತಾಯಂದಿರು ಬಸಿರು ಅಥವಾ ಹೆರಿಗೆಯ ಕಾರಣಕ್ಕೆ ಕೆಲಸ ಬಿಡಬೇಕಾಗಿ ಬರುತ್ತಿತ್ತು. ನ್ಯಾಯಮಂಡಳಿಗೆ ಹೋದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಎಳೆಗೂಸನ್ನು ಎತ್ತಿಕೊಂಡು ಕೋರ್ಟು ಕಚೇರಿ ಅಲೆಯುವುದು ಲಂಡನ್ನಿನಲ್ಲಾದರೂ ಲಿಂಗಸೂಗೂರಿನಲ್ಲಾದರೂ ಸುಲಭವಲ್ಲ.

ಇಲ್ಲಿ ದೂರು ಕೊಡುವವರಿಗೆ ದಾರಿ ಏನು? ಮೊದಲ ಹೆಜ್ಜೆ ಕಾಗದ. ಬಸುರಿಯಾದ ವಿಷಯವನ್ನು ಸೂಪರ್‌ವೈಸರ್ ಕಿವಿಗೆ ಹೇಳಿ ಸುಮ್ಮನಾಗುವುದು ಸಾಮಾನ್ಯ. ರಜೆಯ ಅರ್ಜಿಯನ್ನು ಏಜೆನ್ಸಿಗೂ, ಕೆಲಸ ಮಾಡುವ ಕಚೇರಿಗೂ ಎರಡು ಪ್ರತಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಬೇಕು. ಸೀಲು ಹಾಕಲು ತಕರಾರು ಮಾಡಿದರೆ ರಿಜಿಸ್ಟರ್ ಅಂಚೆ, ಅದೂ ಬೇಡವೆಂದರೆ ಇಮೇಲ್. ತಾಯಿ ಕಾರ್ಡ್‌ನ ಪ್ರತಿ ಜೊತೆಗಿರಲಿ, ಹೆರಿಗೆಯ ಅಂದಾಜು ದಿನಾಂಕ ಅದರಲ್ಲಿರುತ್ತದೆ. ಪಿಎಫ್ ಪಾಸ್‌ಬುಕ್ ದೊಡ್ಡ ಅಸ್ತ್ರ: ಯಾವ ತಿಂಗಳು ಯಾವ ಏಜೆನ್ಸಿ ಹಣ ಕಟ್ಟಿದೆ ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ, ಏಜೆನ್ಸಿ ಬದಲಾದರೂ ಕೆಲಸ ಮುರಿದಿಲ್ಲ ಎಂದು ತೋರಿಸಲು ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ‘ನಾಳೆಯಿಂದ ಬರಬೇಡಿ’ ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ಸಿಟ್ಟಿನಲ್ಲಿ ಅಳಿಸುವವರೇ ಹೆಚ್ಚು. ದಿನಾಂಕ ಸಮೇತ ಉಳಿಸಿಕೊಂಡರೆ ಇಲ್ಲದ ಆದೇಶ ಪತ್ರದ ಜಾಗವನ್ನು ಅದೇ ತುಂಬುತ್ತದೆ.

ಆಮೇಲೆ ಕಾರ್ಮಿಕ ಇಲಾಖೆ. ಸಂಬಳ ನಿಲ್ಲಿಸಿದ್ದರೆ ಅಥವಾ ಕೆಲಸದಿಂದ ತೆಗೆದಿದ್ದರೆ ಇಲಾಖೆಯ ಇನ್‌ಸ್ಪೆಕ್ಟರಿಗೆ ದೂರು ಕೊಡಬಹುದು, ಅವರು ವಿಚಾರಣೆ ನಡೆಸಿ ಹಣ ಕೊಡಿಸುವ ಆದೇಶ ಮಾಡಬಹುದು. ವಜಾದ ವಿರುದ್ಧ ಮೇಲ್ಮನವಿಗೆ 60 ದಿನದ ಗಡುವು ಇದೆ, ಬಾಣಂತನದಲ್ಲಿ ಅದು ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಕಳೆದುಹೋಗುತ್ತದೆ. ದೂರಿನಲ್ಲಿ ಏಜೆನ್ಸಿಯ ಹೆಸರೊಂದನ್ನೇ ಬರೆಯದೆ ಕಚೇರಿ ಅಥವಾ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡುವುದು ಅಗತ್ಯ. ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯುವವರಿಗೆ ಗೊತ್ತಿರಬೇಕಾದ ಸಂಗತಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಯಾವುದೇ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ. ಸರ್ಕಾರಿ ಕಚೇರಿಯಲ್ಲಿ ದುಡಿದವರು ಹೈಕೋರ್ಟಿಗೆ ರಿಟ್ ಹಾಕಬಹುದು. ಹೂವಿನಹಡಗಲಿಯ ಪ್ರಕರಣ ಗೆದ್ದದ್ದು ಹಾಗೆ. ಖಾಸಗಿ ಕಂಪನಿಯಲ್ಲಿದ್ದವರಿಗೆ ಆ ದಾರಿ ಅಷ್ಟು ನೇರವಲ್ಲ, ಅವರು ಕಾರ್ಮಿಕ ಇಲಾಖೆ ಮತ್ತು ಕಾರ್ಮಿಕ ನ್ಯಾಯಾಲಯದ ಸುತ್ತುಹಾದಿಯನ್ನೇ ಹಿಡಿಯಬೇಕು.

ಕರ್ನಾಟಕ ಸರ್ಕಾರ ಹೊರಗುತ್ತಿಗೆಯವರನ್ನು ಮರೆತಿದೆ ಎನ್ನುವಂತಿಲ್ಲ. 2024ರಲ್ಲಿ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಿ, ಮಹಿಳೆಯರಿಗೆ ಶೇ 33 ಕೊಡಿ ಎಂದಿತು. 2025ರಲ್ಲಿ ಒಪ್ಪಿದ ವರ್ಷಕ್ಕೆ 12 ದಿನದ ಋತುಚಕ್ರ ರಜೆಯಲ್ಲಿ ಹೊರಗುತ್ತಿಗೆ ನೌಕರರನ್ನೂ ಹೆಸರಿಸಿ ಸೇರಿಸಿತು. ಹೀಗೆ ಒಳಗೆ ಬಂದ ಮೂರರಲ್ಲೊಬ್ಬ ಮಹಿಳೆ ಬಸುರಿಯಾದಾಗ ಉಳಿಯುತ್ತಾಳೋ ಇಲ್ಲವೋ ಎಂಬುದು ಟೆಂಡರ್ ದಾಖಲೆಯ ಭಾಷೆಯನ್ನು ಅವಲಂಬಿಸಿದೆ. ಅದರಲ್ಲಿ ಸಮವಸ್ತ್ರದ ಬಣ್ಣದಿಂದ ಹಿಡಿದು ಗೈರುಹಾಜರಿಗೆ ಏಜೆನ್ಸಿ ಮೇಲೆ ಹಾಕುವ ದಂಡದವರೆಗೆ ಷರತ್ತುಗಳಿರುತ್ತವೆ. ಹೆರಿಗೆ ರಜೆಗೆ ಹೋದವರ ಗೈರು ಈ ದಂಡಕ್ಕೆ ಒಳಪಡದು, ಬದಲಿಯವರ ನೇಮಕ ರಜೆಯ ಅವಧಿಗೆ ಮಾತ್ರ, ಟೆಂಡರ್ ಬದಲಾದರೆ ರಜೆಯಲ್ಲಿರುವವರನ್ನು ಹೊಸ ಏಜೆನ್ಸಿ ಹಳೆಯ ಸೇವೆ ಸಮೇತ ತೆಗೆದುಕೊಳ್ಳಬೇಕು: ಈ ಮೂರು ಷರತ್ತು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ವಿಧಾನಸಭೆ ಕೂಡಬೇಕಿಲ್ಲ. ಟೆಂಡರ್ ಬರೆಯುವ ಅಧಿಕಾರಿಯ ಸಹಿ ಸಾಕು.